ದೂರಕ್ಕೆ ಪೂರ್ತಿ ಅಂಕ, ಸಮಯಕ್ಕೆ ಫೇಲ್

ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರ, ಹಾರಾಟದ ಸಮಯ ಎರಡನ್ನೂ ಹೇಳುವ ಉಚಿತ ಆ್ಯಪ್ ಇದು. ನಾನು ಇದನ್ನು ಟಿಕೆಟ್ ತೆಗೆಯುವುದಕ್ಕಿಂತ ಸುಮ್ನೆ ಮ್ಯಾಪ್ ನೋಡಲಿಕ್ಕೇ ಜಾಸ್ತಿ ತೆರೆಯುತ್ತೇನೆ.

ದೂರ ಚೆನ್ನಾಗಿ ಹೇಳುತ್ತದೆ. ನ್ಯೂಯಾರ್ಕ್‌ನ ಜೆಎಫ್‌ಕೆಯಿಂದ ಸಿಂಗಪುರದ ಚಾಂಗಿಗೆ ಸುಮಾರು 15,300 ಕಿ.ಮೀ. ಎಂದಿತು. ಸರಿ ಇದೆ. ಮ್ಯಾಪ್‌ನಲ್ಲಿ ಲಂಡನ್–ಲಾಸ್ ಏಂಜಲೀಸ್ ಗೆರೆ ಗ್ರೀನ್‌ಲ್ಯಾಂಡ್ ಮೇಲೆ ಬಾಗಿ ಹೋಗುತ್ತದೆ. ಇದೇನಪ್ಪಾ ಸುತ್ತು ಬಳಸು ಅನ್ನಿಸುತ್ತದೆ ಅಲ್ವಾ? ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆದು ನೋಡಿ. ಅದೇ ಹತ್ತಿರದ ದಾರಿ.

ತಕರಾರು ಇರುವುದು ಸಮಯದ ಬಗ್ಗೆ. ಆ್ಯಪ್ ಮಾಡುವುದು ಇಷ್ಟೇ: ದೂರವನ್ನು ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತದೆ. ಗಾಳಿಯ ಸುದ್ದಿಯೇ ಇಲ್ಲ. ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಸು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಲು ಸುಮಾರು ಎಂಟು ಗಂಟೆ ಹಿಡಿದರೆ, ವಾಪಸ್ ಬರಲು ಏಳೇ ಸಾಕು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬಲದಿಂದ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ಐದು ಗಂಟೆಯೂ ತುಂಬುವ ಮೊದಲೇ ಲಂಡನ್ ಮುಟ್ಟಿತ್ತು. ಈ ಆ್ಯಪ್ ಎರಡೂ ಕಡೆಗೆ ಒಂದೇ ಲೆಕ್ಕ ಕೊಡುತ್ತದೆ: 6 ಗಂಟೆ 39 ನಿಮಿಷ.

ಇನ್ನೂ ದೊಡ್ಡ ಎಡವಟ್ಟು ಹೆಲ್ಸಿಂಕಿ–ಟೋಕಿಯೋ. ಸುಮಾರು 7,800 ಕಿ.ಮೀ., ಒಂಬತ್ತು ಗಂಟೆ ಚಿಲ್ಲರೆ ಎನ್ನುತ್ತದೆ. 2022ಕ್ಕೆ ಮುಂಚೆ ಅದು ಹತ್ತಿರ ಹತ್ತಿರ ಸರಿಯೇ ಇತ್ತು. ಆಮೇಲೆ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಫಿನ್‌ಲ್ಯಾಂಡ್‌ನ ವಿಮಾನ ಕಂಪನಿ ಫಿನ್‌ಏರ್ ಉತ್ತರ ಧ್ರುವದ ಮೇಲಿನಿಂದೆಲ್ಲ ಸುತ್ತಿ ಹೋಗಬೇಕಾಯಿತು. ಈಗ ಹದಿಮೂರು ಗಂಟೆಯ ಆಸುಪಾಸು. ಗಡಿ, ಯುದ್ಧ ಇದಾವುದೂ ಆ್ಯಪ್‌ಗೆ ಗೊತ್ತಿಲ್ಲ.

ನೇರ ವಿಮಾನವೇ ಇಲ್ಲದ ಊರುಗಳ ನಡುವೆಯೂ ಯಾವ ಸಂಕೋಚವೂ ಇಲ್ಲದೆ ಗಂಟೆ ಹೇಳಿಬಿಡುತ್ತದೆ, ಅದು ಬೇರೆ. ನಡುವೆ ಇಳಿದು ಕಾಯುವುದು ಯಾರ ಲೆಕ್ಕಕ್ಕೆ?

ಹುಡುಕುವಾಗ ಊರಿನ ಹೆಸರಿಗಿಂತ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್ ಹಾಕುವುದು ಒಳ್ಳೆಯದು. ಸ್ಯಾನ್ ಹೋಸೆ ಎಂದರೆ ಕ್ಯಾಲಿಫೋರ್ನಿಯಾದ್ದೂ ಬರಬಹುದು, ಕೋಸ್ಟರಿಕಾದ್ದೂ ಬರಬಹುದು. ಎಸ್‌ಜೆಸಿ, ಎಸ್‌ಜೆಒ ಎಂದು ಕೊಟ್ಟರೆ ಗೊಂದಲ ಇಲ್ಲ.

ಜಾಹೀರಾತು ಕಡಿಮೆ, ಬೇಗ ತೆರೆದುಕೊಳ್ಳುತ್ತದೆ, ಮ್ಯಾಪ್ ಚಂದ. ಐದರಲ್ಲಿ ಮೂರು ಸ್ಟಾರ್ ಕೊಟ್ಟಿದ್ದೇನೆ. ಸಮಯದ ಕೆಳಗೆ 'ಅಂದಾಜು' ಅಂತ ದಪ್ಪಕ್ಷರದಲ್ಲಿ ಹಾಕಿದರೆ ಇನ್ನೊಂದು ಸ್ಟಾರ್ ಸೇರಿಸುತ್ತೇನೆ. ಅಲ್ಲಿಯವರೆಗೆ ಗಂಟೆ ಎಷ್ಟು ಅಂತ ಬೇಕಿದ್ದವರು ವಿಮಾನ ಕಂಪನಿಯ ವೇಳಾಪಟ್ಟಿ ನೋಡಿ.