ರಸ್ತೆ ಬದಿ ಒಣಮರ ತೆಗೆಸೋ ಸೇವೆ: ಮರ ಇಳಿಸಿದವರಿಗೆ ಐದಕ್ಕೆ ಐದು, ಆಫೀಸಿಗೆ ಎರಡು

ಹೋಂಸ್ಟೇ, ಹೋಟ್ಲು, ಕಾಫಿಪುಡಿ ಅಂಗಡಿಗಳ ಬಗ್ಗೆ ರಿವ್ಯೂ ಬರೆಯೋರು ಚಿಕ್ಕಮಗಳೂರು ಜಿಲ್ಲೇಲಿ ಬೇಕಾದಷ್ಟು ಜನ ಇದಾರೆ, ಆದ್ರೆ ನಾವು ಕಂದಾಯ ಕಟ್ಟಿ ಪಡೆಯೋ ಸೇವೆ ಹೇಗಿದೆ ಅಂತ ಯಾರೂ ಬರೆಯಲ್ಲ, ಅದಕ್ಕೇ ಇದು. ನಮ್ಮದು ಮಲೆನಾಡು ಭಾಗದ ಒಂದು ಪಟ್ಟಣ. ಊರಿನ ಹೆಸರು, ಆಫೀಸಿನ ಹೆಸರು ಹಾಕಲ್ಲ, ಯಾಕಂದ್ರೆ ಈ ಕಥೆ ಬಹಳ ಊರುಗಳದ್ದು.

ಮರ ಯಾವ್ದು ಅಂದ್ರೆ ಶಾಲೆ ಕಡೆ ಹೋಗೋ ರಸ್ತೆಲಿದ್ದ ದೊಡ್ಡ ಗುಲ್‌ಮೊಹರ್. ಚರಂಡಿ ಕೆಲಸಕ್ಕೆ ಜೆಸಿಬಿ ಬಂದಾಗ ಒಂದು ಮಗ್ಗುಲಿನ ಬೇರು ಪೂರ್ತಿ ಹರಿದು ಹಾಕಿದ್ರು, ಆಮೇಲೆ ಬುಡಕ್ಕೆ ಅಂಟಿಸಿ ಕಾಂಕ್ರೀಟ್ ಸುರಿದ್ರು, ನೀರು ಇಳಿಯೋಕೆ ಒಂದು ಗೇಣು ಜಾಗನೂ ಬಿಡ್ಲಿಲ್ಲ. ಮುಂದಿನ ಬೇಸಿಗೇಲಿ ಅರ್ಧ ಮರಕ್ಕೆ ಮಾತ್ರ ಹೂವು, ಅದರಾಚೆ ವರ್ಷ ಚಿಗುರೇ ಇಲ್ಲ. ತೊಗಟೆ ಬಿಟ್ಕೊಂಡು ಉದುರ್ತಿತ್ತು, ಬುಡದಲ್ಲಿ ಗಟ್ಟಿ ಅಣಬೆ ತಟ್ಟೆ ತಟ್ಟೆಯಾಗಿ ಎದ್ದಿತ್ತು, ಕಾಂಡಕ್ಕೆ ಕೈಲಿ ತಟ್ಟಿದ್ರೆ ಡಬ್ ಡಬ್ ಅಂತ ಟೊಳ್ಳು ಸದ್ದು. ಈ ಮೂರೂ ಒಟ್ಟಿಗೆ ಕಂಡ್ರೆ ಆ ಮರದ ಕೆಳಗೆ ಯಾರೂ ನಿಲ್ಲಬಾರದು, ಗಾಡಿನೂ ನಿಲ್ಲಿಸಬಾರದು. ಗುಲ್‌ಮೊಹರ್ ಕಟ್ಟಿಗೆ ಮೊದ್ಲೇ ಮೆದು, ಬೇರು ಆಳಕ್ಕಿಳಿಯದೆ ಮೇಲ್ಮೇಲೇ ಹರಡೋದು, ಆರೋಗ್ಯವಾಗಿರೋ ಮರಾನೇ ಗಾಳಿಗೆ ಬೀಳುತ್ತೆ, ಇನ್ನು ಒಣಗಿದ್ದು ಆರಿದ್ರಾ ಮಳೆ ಹೊಡೆತಕ್ಕೆ ಉಳಿಯುತ್ತಾ? ಅದರ ಕೆಳಗೇ ಮಕ್ಕಳು ಬಸ್ಸಿಗೆ ಕಾಯ್ತಿದ್ರು.

ಅರ್ಜಿ ಕೊಟ್ಟಾಗ ಕೌಂಟರಲ್ಲಿ ಬಂದ ಮೊದಲ ಉತ್ತರ, "ಇದು ನಮಗೆ ಬರಲ್ಲ ಸರ್, ಫಾರೆಸ್ಟಿಗೆ ಹೋಗಿ". ಅಲ್ಲಿಗೆ ಹೋದ್ರೆ "ರಸ್ತೆ ಯಾರದ್ದೋ ಅವರ ಕಡೆಯಿಂದ ಪತ್ರ ಬರ್ಲಿ". ರಸ್ತೆ ನೋಡ್ಕೊಳೋರು "ಕೊಂಬೆ ಮೇಲೆ ಲೈನ್ ಇದೆ, ಮೊದ್ಲು ಕರೆಂಟ್ ಆಫೀಸಲ್ಲಿ ಕೇಳಿ" ಅಂದ್ರು. ಒಬ್ಬೊಬ್ಬರು ಹೇಳೋದ್ರಲ್ಲೂ ಒಂದಿಷ್ಟು ನಿಜ ಇದೆ, ರಸ್ತೆ ಬದಿ ಮರ ಯಾರೂ ಮನಸ್ಸಿಗೆ ಬಂದ ಹಾಗೆ ಕಡಿಯೋಕಾಗಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿ ಅನುಮತಿ ಬೇಕು, ಆ ಕಾಯ್ದೆ ಇರೋದು ಒಳ್ಳೇದೇ, ಇಲ್ಲದಿದ್ರೆ ರಸ್ತೆ ಅಗಲ ಮಾಡೋ ಹೆಸರಲ್ಲಿ ಇಷ್ಟೊತ್ತಿಗೆ ಎಲ್ಲಾ ಬೋಳಾಗಿರೋದು. ಆದ್ರೆ ಮರ ಸತ್ತಿದ್ರೆ, ರೋಗ ಹಿಡಿದಿದ್ರೆ, ಜನರ ಜೀವಕ್ಕೋ ಆಸ್ತಿಗೋ ಅಪಾಯ ಇದ್ರೆ ಅನುಮತಿ ಇಲ್ಲ ಅನ್ನೋ ಹಾಗಿಲ್ಲ ಅಂತಾನೂ ಅದೇ ಕಾಯ್ದೆ ಹೇಳುತ್ತೆ. ಅಂದ್ರೆ ಕಾನೂನು ಅಡ್ಡ ಬಂದಿದ್ದಲ್ಲ, ಒಂದು ಆಫೀಸಿಂದ ಇನ್ನೊಂದಕ್ಕೆ ಪತ್ರ ಹೋಗೋದೇ ತಡ ಆಗಿದ್ದು. ಆ ಪತ್ರ ಅವರೇ ಕಳಿಸಬೇಕು, ನಾವು ಕೈಲಿ ಹಿಡ್ಕೊಂಡು ಓಡಾಡೋದಲ್ಲ. ನನಗೆ ಬೈಕಿದೆ, ಬಿಡುವಿದೆ, ಓಡಾಡಿದೆ, ಕೂಲಿ ಬಿಟ್ಟು ಬರೋರು ಎಷ್ಟು ಸಲ ಬರ್ತಾರೆ ಹೇಳಿ? ಆಫೀಸಿಗೆ ಎರಡು ಸ್ಟಾರ್ ಯಾಕೆ ಅಂತ ಕೇಳಿದ್ರೆ ಇದೇ ಕಾರಣ. ಆ ಎರಡು ಸ್ಟಾರೂ ಸ್ಥಳಕ್ಕೆ ಬಂದು ನೋಡಿದ ಫಾರೆಸ್ಟ್ ಗಾರ್ಡ್‌ಗೆ ಸೇರಬೇಕು, ಅವರು ಮರ ಸುತ್ತಿ ನೋಡಿ, ಬುಡ ಕೆರೆದು, ಫೋಟೋ ತೆಗೆದು ಅಲ್ಲೇ ಮಹಜರ್ ಬರೆದ್ರು.

ಇನ್ನು ಕೆಲಸದ ವಿಷ್ಯ. ಮರ ಇಳಿಸೋಕೆ ಬಂದವರು ತೋಟದ ಕಡೆಯೋರು, ವರ್ಷವೆಲ್ಲಾ ಕಾಫಿ ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರೋ ಕೆಲಸ) ಮಾಡೋ ಕೈಗಳು, ಅದು ನೋಡಿದ ತಕ್ಷಣ ಗೊತ್ತಾಗುತ್ತೆ. ಬಂದವರೇ ಗರಗಸ ಎತ್ಲಿಲ್ಲ. ಮೇಸ್ತ್ರಿ ಮೊದ್ಲು ಲೈನ್‌ಮನ್ ಎಲ್‌ಸಿ (ಕೆಲಸ ಮುಗಿಯೋವರೆಗೂ ಲೈನಿನ ಕರೆಂಟ್ ನಿಲ್ಲಿಸೋ ಅನುಮತಿ) ತಗೊಂಡಿದಾರಾ ಅಂತ ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು, ಆಮೇಲೆ ರಸ್ತೆ ಎರಡೂ ಕಡೆ ಹಗ್ಗ ಕಟ್ಟಿಸಿದ್ರು. ಒಣಮರ ಹತ್ತೋದು ಹಸಿಮರ ಹತ್ತಿದ ಹಾಗಲ್ಲ, ಯಾವ ಕೊಂಬೆ ಭಾರ ತಡೆಯುತ್ತೆ ಯಾವ್ದು ಕೈಕೊಡುತ್ತೆ ಗೊತ್ತಾಗಲ್ಲ, ಅದಕ್ಕೆ ಪಕ್ಕದ ಗಟ್ಟಿ ಹೊಂಗೆ ಮರಕ್ಕೆ ಹಗ್ಗ ಹಾಕಿ ಆ ಆಸರೆ ಮೇಲೆ ಒಬ್ಬ ಹುಡುಗ ಹತ್ತಿದ. ತುದಿಯಿಂದ ಶುರು ಮಾಡಿ ಒಂದೊಂದೇ ತುಂಡು, ಕತ್ತರಿಸೋಕೆ ಮುಂಚೆ ಹಗ್ಗ ಬಿಗಿದು, ಕೆಳಗಿದ್ದವರು ನಿಧಾನಕ್ಕೆ ಬಿಡ್ತಾ ಇಳಿಸಿದ್ರು. ತಂತಿಗೆ ಒಂದು ಕಡ್ಡಿ ತಾಗಲಿಲ್ಲ, ಎದುರಿಗಿದ್ದ ಅಂಗಡಿಯ ಶೀಟು ಒಂದೂ ಒಡೀಲಿಲ್ಲ. ಅಂಗಡಿ ಅಕ್ಕ ಭಯಕ್ಕೆ ಬಾಟ್ಲಿಗಳನ್ನೆಲ್ಲಾ ಒಳಗಿಟ್ಟಿದ್ರು, ಕೆಲಸ ಮುಗಿದ್ಮೇಲೆ ಎಲ್ಲರಿಗೂ ಅವರೇ ಟೀ ಕೊಟ್ರು. ಹೊಂಗೆ ಕೊಂಬೆನೂ ಇದರ ಜೊತೆಗೇ ತೆಗೆದುಬಿಡಿ ಅಂತ ಯಾರೋ ಅಂದಾಗ ಮೇಸ್ತ್ರಿ ಹೇಳಿದ್ದು ನನಗೆ ತುಂಬಾ ಇಷ್ಟ ಆಯ್ತು, "ಅದು ಚೆನ್ನಾಗಿದೆ ಅಣ್ಣ, ಆರ್ಡರಲ್ಲೂ ಇಲ್ಲ, ಮುಟ್ಟಲ್ಲ". ಅಪಾಯದ ಮರ ಅಂತ ಹೇಳ್ಕೊಂಡು ಬೋರ್ಡು ಕಾಣಲಿ, ಪಾರ್ಕಿಂಗ್ ಆಗಲಿ ಅಂತ ಹಸಿಮರ ಕಡಿಸೋರು ಎಲ್ಲಾ ಊರಲ್ಲೂ ಇದಾರೆ, ಇಂಥ ಮೇಸ್ತ್ರಿಗಳಿದ್ರೆ ಮರಾನೂ ಉಳಿಯುತ್ತೆ ಜನಾನೂ ಉಳೀತಾರೆ. ಬುಡ ಕೊಯ್ದಾಗ ನೋಡಿದ್ವಿ, ಸುತ್ತ ನಾಲ್ಕು ಬೆರಳು ದಪ್ಪ ಕಟ್ಟಿಗೆ ಬಿಟ್ರೆ ಒಳಗೆಲ್ಲಾ ಕಪ್ಪು ಪುಡಿ, ಗೆದ್ದಲು ಮಣ್ಣು.

ಆದ್ರೆ ಈ ಹುಡುಗರಿಗೆ ತಲೆಗೆ ಹೆಲ್ಮೆಟ್ ಇರ್ಲಿಲ್ಲ, ಕಣ್ಣಿಗೆ ಕನ್ನಡಕ ಇರ್ಲಿಲ್ಲ, ಚೈನ್ ಸಾ ಹಿಡಿದವನ ಕಾಲಲ್ಲಿ ಹವಾಯಿ ಚಪ್ಪಲಿ. ಗುತ್ತಿಗೆ ಕೊಡೋವಾಗ ಇದನ್ನ ಷರತ್ತು ಮಾಡೋಕೆ ಏನು ಕಷ್ಟ? ನಮ್ಮ ಜೀವ ಉಳಿಸೋಕೆ ಮರ ಹತ್ತಿದವರ ಜೀವಕ್ಕೂ ಬೆಲೆ ಇರಬೇಕಲ್ವಾ.

ದಿಮ್ಮಿಗಳನ್ನ ಹರಾಜಿಗೆ ಅಂತ ಲಾರೀಲಿ ತಗೊಂಡು ಹೋದ್ರು, ಸೊಪ್ಪು ಸದೆ ಗುಡಿಸಿದ್ರು. ಬೊಡ್ಡೆ ಮಾತ್ರ ಹಾಗೇ ಇದೆ, ಮೊಣಕಾಲೆತ್ತರ, ರಾತ್ರಿ ಬೈಕಿನವರಿಗೆ ಕಾಣಲ್ಲ. ಬದಲಿ ಗಿಡದ ಮಾತೇ ಇಲ್ಲ.

ನನಗೆ ಎಲ್ಲಕ್ಕಿಂತ ಬೇಜಾರು ಏನಂದ್ರೆ ನಾನು ಅರ್ಜಿ ಕೊಡದಿದ್ರೆ ಆ ಮರ ಇವತ್ತೂ ಅಲ್ಲೇ ನಿಂತಿರ್ತಿತ್ತು, ಅಥವಾ ಬಿದ್ದಿರ್ತಿತ್ತು. ಯಾರೋ ಒಬ್ಬರು ಕೇಳಿದ್ರೆ ಮಾತ್ರ ಸಿಗೋದಾದ್ರೆ ಅದನ್ನ ಸೇವೆ ಅನ್ನೋದು ಹೇಗೆ? ಮಾರ್ಚ್ ಏಪ್ರಿಲಲ್ಲಿ ಗಾರ್ಡ್, ಲೈನ್‌ಮನ್, ಪಂಚಾಯಿತಿ ಸಿಬ್ಬಂದಿ ಮೂವರೂ ಒಟ್ಟಿಗೆ ಊರಿನ ರಸ್ತೆಗಳನ್ನ ಒಂದು ಸುತ್ತು ನಡೆದ್ರೆ ಸಾಕು, ಒಣಮರಕ್ಕೆಲ್ಲಾ ಗುರುತು ಹಾಕಿ ಮೃಗಶಿರಾ ಮಳೆ ಹಿಡಿಯೋಕೆ ಮುಂಚೆ ಇಳಿಸಿಬಿಡಬಹುದು. ಮಳೆ ಹಿಡಿದ್ಮೇಲೆ ಇಲ್ಲಿ ಮರ ಹತ್ತೋದೇ ಪ್ರಾಣದ ಜೊತೆ ಆಟ, ತೊಗಟೆಯೆಲ್ಲಾ ಪಾಚಿ ಕಟ್ಟಿ ಜಾರುತ್ತೆ. ಮತ್ತೆ ಮರ ಸಾಯೋದನ್ನೇ ತಪ್ಪಿಸಬೇಕು ಅಂದ್ರೆ ಬುಡದ ಕಾಂಕ್ರೀಟ್ ಬಿಡಿಸಲಿ. ದೆಹಲೀಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀರಿ ಅಂತ ಆದೇಶ ಮಾಡಿತ್ತು, ಅಷ್ಟು ಮಾಡೋಕೆ ನಮ್ಮೂರಿಗೂ ದೊಡ್ಡ ದುಡ್ಡೇನೂ ಬೇಕಾಗಲ್ಲ.

ಅರ್ಜಿ ಕೊಡೋರಿಗೆ ಒಂದೆರಡು ಮಾತು. ಫೋಟೋದಲ್ಲಿ ಬುಡ, ತೊಗಟೆ, ಮೇಲಿನ ತಂತಿ ಮೂರೂ ಕಾಣಬೇಕು, ಹತ್ತಿರದ ಕರೆಂಟ್ ಕಂಬದ ನಂಬರ್ ಬರೀರಿ, ಒಂದೇ ಅರ್ಜಿಯ ಪ್ರತಿ ಪಂಚಾಯಿತಿ, ಫಾರೆಸ್ಟ್, ಕರೆಂಟ್ ಮೂರೂ ಆಫೀಸಿಗೆ ಕೊಟ್ಟು ಎಲ್ಲಾ ಕಡೆ ಸ್ವೀಕೃತಿ ಸೀಲು ಹಾಕಿಸ್ಕೊಳಿ, ಬಾಯಲ್ಲಿ ಹೇಳಿ ಬರಬೇಡಿ. ಕೊಂಬೆ ಆಗ್ಲೇ ತಂತಿ ಮೇಲೆ ಬಿದ್ದಿದ್ರೆ ಹತ್ರ ಹೋಗದೆ 1912ಕ್ಕೆ ಫೋನ್ ಮಾಡಿ, ರಸ್ತೆಗೆ ಅಡ್ಡ ಬಿದ್ದು ಯಾರಿಗಾದ್ರೂ ಏಟಾಗಿದ್ರೆ 112.

ಅದೇ ರಸ್ತೆಯ ತಿರುವಲ್ಲಿ ಇನ್ನೊಂದು ಸಿಲ್ವರ್ ಓಕ್ ತುದಿಯಿಂದ ಒಣಗ್ತಾ ಬರ್ತಿದೆ. ಅದಕ್ಕೂ, ಈ ಬೊಡ್ಡೆಗೂ, ಬದಲಿಗೆ ನೆಡೋ ಎರಡು ಹೊಂಗೆ ಗಿಡಕ್ಕೂ ಸೇರಿಸಿ ಹೊಸ ಅರ್ಜಿ ಕೊಟ್ಟಿದೀನಿ, ಏನು ಮಾಡ್ತಾರೆ ನೋಡ್ಕೊಂಡು ಆಫೀಸಿನ ಸ್ಟಾರ್ ತಿದ್ದುತೀನಿ.