ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್: ನಮ್ಮ ಕೋಡಿನಿಂದಲೇ ರಿಸ್ಟೋರ್ ಮಾಡಿಸಿ ನೋಡಿದ್ದು

ಸಾಗರದ ಒಂದು ಅಡಿಕೆ ಮಂಡಿಗೆ ನಾನು ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರು ಓಡುತ್ತಿರುವುದು ಎಸ್‌ಕ್ಯುಎಲ್ ಸರ್ವರ್ 2019 ಎಕ್ಸ್‌ಪ್ರೆಸ್ ಮೇಲೆ, ಅಂದರೆ ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರಿನ ಚಿಕ್ಕ ಆವೃತ್ತಿ. ಪುಕ್ಕಟೆ. ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಮೂರು ವರ್ಷದ ರಾಶಿ, ಬೆಟ್ಟೆ, ಚಾಲಿ ಪಟ್ಟಿಗಳೆಲ್ಲ ಸೇರಿದರೂ ಎರಡು ಜಿಬಿ ದಾಟಿಲ್ಲ, ಹಾಗಾಗಿ ಆ ತಕರಾರು ನನಗಿಲ್ಲ. ತಲೆ ತಿಂದಿದ್ದು ರಿಸ್ಟೋರು, ಅಂದರೆ ಬ್ಯಾಕಪ್ ಪ್ರತಿಯಿಂದ ಡೇಟಾಬೇಸನ್ನು ಮರಳಿ ತರುವುದು.

ಗುಮಾಸ್ತರ ಕೈಗೆ ಮ್ಯಾನೇಜ್‌ಮೆಂಟ್ ಸ್ಟುಡಿಯೋ (ಡೇಟಾಬೇಸನ್ನು ನೇರವಾಗಿ ನಿರ್ವಹಿಸುವ ಟೂಲು) ಕೊಡುವ ಧೈರ್ಯ ನನಗಿರಲಿಲ್ಲ. ಸೆಟ್ಟಿಂಗ್ಸಿನಲ್ಲಿ ಒಂದು ಬಟನ್ನು ಇಟ್ಟು, ಹಿಂದೆ ಸಿ ಶಾರ್ಪಿನಲ್ಲಿ ರಿಸ್ಟೋರ್ ಕಮಾಂಡ್ ಬರೆದೆ. ಒತ್ತಿದ ತಕ್ಷಣ ಎರರ್ 3101: ಡೇಟಾಬೇಸು ಬಳಕೆಯಲ್ಲಿದೆ. ಯಾರಪ್ಪಾ ಬಳಸುತ್ತಿರುವುದು ಅಂತ ಹುಡುಕಿದರೆ ನನ್ನದೇ ಪ್ರೋಗ್ರಾಮು! ಚಾಪೆ ಮೇಲೆ ಕೂತುಕೊಂಡೇ ಚಾಪೆ ಕೊಡವಲು ಹೋಗಿದ್ದೆ. ಕನೆಕ್ಷನ್ ಕ್ಲೋಸ್ ಮಾಡಿದರೂ ಅದು ಪೂಲಿನಲ್ಲಿ, ಅಂದರೆ ಮರುಬಳಕೆಗೆಂದು ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನಲ್ಲಿ, ಉಸಿರಾಡುತ್ತಿರುತ್ತದೆ. ಪೂಲ್ ಖಾಲಿ ಮಾಡಿ, ಸರ್ವರಿನದೇ ಆದ ಮಾಸ್ಟರ್ ಡೇಟಾಬೇಸಿಗೆ ಕನೆಕ್ಟ್ ಆಗಿ, ನಮ್ಮದನ್ನು ಸಿಂಗಲ್ ಯೂಸರ್‌ಗೆ (ಒಂದೇ ಕನೆಕ್ಷನ್ ಇರುವ ಸ್ಥಿತಿಗೆ) ತರಬೇಕು. ಜೊತೆಗೆ ಉಳಿದವರನ್ನು ತಕ್ಷಣ ಹೊರಹಾಕುವ ರೋಲ್‌ಬ್ಯಾಕ್ ಇಮ್ಮೀಡಿಯೆಟ್ ಹಾಕದಿದ್ದರೆ ಪಕ್ಕದ ಕೌಂಟರಿನವರು ಏಳುವವರೆಗೂ ಕಾಯುತ್ತಾ ಕೂರಬೇಕು. ರಿಸ್ಟೋರ್ ಮುಗಿದ ಮೇಲೆ ಮತ್ತೆ ಮಲ್ಟಿ ಯೂಸರ್.

ನನ್ನ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಮಂಡಿಯ ಹಳೇ ಹಾರ್ಡ್‌ಡಿಸ್ಕು ಅಷ್ಟು ಚುರುಕಲ್ಲ. ಸುಗ್ಗಿ ಹೊತ್ತಿನಲ್ಲಿ ಫೋನು: "ಸಾರ್, ಟೈಮ್‌ಔಟ್ ಅಂತ ಬಂತು, ಈಗ ಏನೂ ಓಪನ್ ಆಗ್ತಿಲ್ಲ. ರೈತರು ಪಟ್ಟಿಗೆ ಕಾಯ್ತಾ ನಿಂತಿದಾರೆ." ತಪ್ಪು ನನ್ನದೇ. ಕಮಾಂಡ್ ಟೈಮ್‌ಔಟ್ (ಪ್ರೋಗ್ರಾಮು ಉತ್ತರಕ್ಕೆ ಕಾಯುವ ಹೊತ್ತು) ನಾವು ಮುಟ್ಟದಿದ್ದರೆ 30 ಸೆಕೆಂಡು. ಅಷ್ಟಾದ ಮೇಲೆ ಪ್ರೋಗ್ರಾಮು ಕೈ ಬಿಟ್ಟಿತು, ಡೇಟಾಬೇಸು 'ರಿಸ್ಟೋರಿಂಗ್' ಅಂತ ನಡುನೀರಿನಲ್ಲಿ ನಿಂತಿತು. ದೂರದಿಂದಲೇ ಒಳಹೊಕ್ಕು ಅದೇ ಬ್ಯಾಕಪ್ಪನ್ನು ರಿಪ್ಲೇಸ್ (ಇರುವುದರ ಮೇಲೇ ಬರೆ ಎಂಬ ಆಯ್ಕೆ) ಹಾಕಿ ಮತ್ತೊಮ್ಮೆ ಓಡಿಸಿದೆ, ಒಂದು ಸಾಲೂ ಹೋಗದೆ ಎದ್ದು ಬಂತು. ಈ ಗಟ್ಟಿತನಕ್ಕೇ ನಾನು ಇದನ್ನು ಬಿಟ್ಟು ಹೋಗಿಲ್ಲ. ಈಗ ಟೈಮ್‌ಔಟ್ ಸೊನ್ನೆ, ಅಂದರೆ ಎಷ್ಟು ಹೊತ್ತಾದರೂ ಸರಿ. ಸರ್ವರನ್ನು ಕೋಡಿನಿಂದ ನಿರ್ವಹಿಸುವ ಎಸ್‌ಎಂಒ ಲೈಬ್ರರಿಯ ರಿಸ್ಟೋರ್ ಕ್ಲಾಸಿಗೆ ಬದಲಾಯಿಸಿಕೊಂಡಿದ್ದರಿಂದ ಎಷ್ಟು ಪರ್ಸೆಂಟ್ ಮುಗಿಯಿತೆಂಬುದೂ ಸಿಗುತ್ತದೆ. ಪರದೆ ಮೇಲಿನ ಪ್ರೋಗ್ರೆಸ್ ಬಾರು ಹಸಿರಾಗುವುದನ್ನು ನೋಡುತ್ತಾ ಗುಮಾಸ್ತರು ಕಾಫಿ ಕುಡಿಯುತ್ತಾರೆ.

ಇನ್ನೊಂದು ಕಿರಿಕಿರಿ: ಬ್ಯಾಕಪ್ ಫೈಲನ್ನು ಓದುವುದು ನಮ್ಮ ಪ್ರೋಗ್ರಾಮಲ್ಲ, ಸರ್ವರಿನ ಸರ್ವಿಸು. ಡೆಸ್ಕ್‌ಟಾಪಿನಲ್ಲಿಟ್ಟ ಫೈಲಿಗೆ ಅದಕ್ಕೆ ಅನುಮತಿಯಿಲ್ಲ, ಎರರ್ 5 ಬಿಸಾಕುತ್ತದೆ. ಪಕ್ಕದ ಕೌಂಟರಿನಿಂದ ಸಿ ಡ್ರೈವ್ ಅಂದರೂ ಅದು ನೋಡುವುದು ಸರ್ವರಿನ ಸಿ ಡ್ರೈವನ್ನೇ. ಅಂದಹಾಗೆ, ಎಸ್‌ಕ್ಯುಎಲ್ ಸರ್ವರ್ 2022 ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ಪು 2019 ಆವೃತ್ತಿಯಲ್ಲಿ ಕೂರುವುದಿಲ್ಲ. ಆ ಫೈಲನ್ನು ನೇರವಾಗಿ ಕೂರಿಸಲು ಉಪಾಯವೂ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ (ನಿಗದಿತ ಹೊತ್ತಿಗೆ ಕೆಲಸ ತಾನೇ ಓಡಿಸುವ ಭಾಗ) ಇಲ್ಲದ್ದಕ್ಕೆ ಒಂದು ಕಳೆದೆ, ರಾತ್ರಿ ಬ್ಯಾಕಪ್ಪಿಗೆ ವಿಂಡೋಸ್ ಟಾಸ್ಕ್ ಶೆಡ್ಯೂಲರನ್ನೇ ಹಿಡಿಯಬೇಕು. ಹಿಡಿದೆ, ಹನ್ನೊಂದು ಗಂಟೆಗೆ ಇಟ್ಟೆ. ಸಾಹುಕಾರರು ಏಳಕ್ಕೇ ಮೇನ್ ಸ್ವಿಚ್ ಆರಿಸಿ ಮನೆಗೆ ಹೋಗುತ್ತಾರೆಂದು ಗೊತ್ತಾಗಿದ್ದು ಎರಡು ವಾರದ ಮೇಲೆ. ಈಗ ಬ್ಯಾಕಪ್ಪು ಮಧ್ಯಾಹ್ನ, ಅವರು ಊಟಕ್ಕೆ ಎದ್ದಾಗ.