ನಾಳೆಯ ಗ್ರಾಫಿಕ್ಸ್ ಕಾರ್ಡಿಗೆಂದು ಜೋಡಿಸಿದ ಕಂಪ್ಯೂಟರು: ಎರಡು ವರ್ಷದ ಬಳಕೆಯ ನಂತರ

2023ರ ನವೆಂಬರಿನಲ್ಲಿ, ದಸರೆಯ ಗದ್ದಲವೆಲ್ಲ ಅಡಗಿದ ಮೇಲೆ, ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಡ್ಡರಸ್ತೆಯಲ್ಲಿರುವ ಸಣ್ಣ ಅಂಗಡಿಯಲ್ಲಿ ನಾನು ಮತ್ತು ನನ್ನ ಮಗ ಗೇಮಿಂಗ್ ಕಂಪ್ಯೂಟರೊಂದನ್ನು ಜೋಡಿಸಿಕೊಂಡೆವು. 2025ರ ಡಿಸೆಂಬರಿನಲ್ಲಿ ಅದರ ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಆಟದ ದೃಶ್ಯಗಳನ್ನು ಪರದೆಗೆ ಬಿಡಿಸಿಕೊಡುವ ಭಾಗವನ್ನು, ಬದಲಿಸಿದೆವು. ಬಿಡಿಭಾಗಗಳನ್ನು ಆರಿಸುವಾಗಲೇ ಈ ಬದಲಾವಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದುದರಿಂದ, ಅಂದಿನ ಲೆಕ್ಕಾಚಾರದಲ್ಲಿ ಯಾವುದು ಫಲಿಸಿತು, ಯಾವುದು ಕೈಕೊಟ್ಟಿತು ಎಂಬುದನ್ನು ಈಗ ಅನುಭವದಿಂದಲೇ ಹೇಳಬಲ್ಲೆ.

ಅಂಗಡಿಯವರು ಮೊದಲು ಬರೆದುಕೊಟ್ಟ ಪಟ್ಟಿಯಲ್ಲಿ ದುಡ್ಡೆಲ್ಲ ಕಾರ್ಡಿಗೇ ಹೋಗಿತ್ತು. 200 ವ್ಯಾಟಿನ ಆರ್‌ಟಿಎಕ್ಸ್ 4070 ಕಾರ್ಡು, ಎಲ್ಲ ಭಾಗಗಳಿಗೂ ವಿದ್ಯುತ್ತು ಹಂಚಲು 450 ವ್ಯಾಟಿನ ಪವರ್ ಸಪ್ಲೈ, ಭಾಗಗಳನ್ನೆಲ್ಲ ಕೂರಿಸಲು ಸಿಗುವುದರಲ್ಲೇ ಅಗ್ಗದ ಮದರ್‌ಬೋರ್ಡು, ಮೆಮೊರಿಗೆ 16 ಜಿಬಿಯ ಒಂದೇ ರ್‍ಯಾಮ್ ಕಡ್ಡಿ. "ಮುಂದಕ್ಕೂ ಬರ್ಬೇಕು ಅಂದ್ರೆ ಕಾರ್ಡು ದೊಡ್ಡದು ಹಾಕ್ಸಿ ಸಾರ್, ಮಿಕ್ಕಿದ್ದು ನೋಡ್ಕೊಳ್ಳೋಣ" ಎಂಬುದು ಅವರ ವಾದ. ನನ್ನ ಎಣಿಕೆ ಇದಕ್ಕೆ ತಿರುಗುಮುರುಗಾಗಿತ್ತು. ಇಡೀ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೇಗ ಹಳತಾಗುವುದೂ, ನಾಲ್ಕು ಸ್ಕ್ರೂ ಬಿಚ್ಚಿ ಎಲ್ಲಕ್ಕಿಂತ ಸುಲಭವಾಗಿ ಬದಲಿಸಬಹುದಾದದ್ದೂ ಗ್ರಾಫಿಕ್ಸ್ ಕಾರ್ಡೇ. ಆದ್ದರಿಂದ ಅದನ್ನು ಅಂದಿನ ಮಾನಿಟರಿಗೆ ಸಾಲುವಷ್ಟು ಮಾತ್ರ ಕೊಂಡು, ಬದಲಿಸಲು ಕಷ್ಟವಾದ ಭಾಗಗಳಿಗೆ ಹೆಚ್ಚು ಹಣ ಹಾಕಬೇಕೆಂದು ನಿಶ್ಚಯಿಸಿದೆ. ಕೊನೆಗೆ ಬಿಲ್ಲಿನಲ್ಲಿ ಬಂದದ್ದು ಎಎಂಡಿಯ ರೈಜ಼ೆನ್ 5 7600 ಪ್ರೊಸೆಸರು, ಬಿ650 ಚಿಪ್‌ಸೆಟ್ಟಿನ ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್5 ಕಡ್ಡಿಗಳು, 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4060 ಕಾರ್ಡು ಮತ್ತು 750 ವ್ಯಾಟಿನ ಗೋಲ್ಡ್ ದರ್ಜೆಯ ಪವರ್ ಸಪ್ಲೈ. ಮನೆಯಲ್ಲಿ ಆಗಲೇ ಇದ್ದ 24 ಇಂಚಿನ 1080ಪಿ (1920×1080 ಚುಕ್ಕಿಗಳ) ಮಾನಿಟರಿಗೆ ಆ ಕಾರ್ಡು ಧಾರಾಳವಾಗಿ ಸಾಕಾಯಿತು.

ಪವರ್ ಸಪ್ಲೈ ವಿಷಯದಲ್ಲಿ ಅಂಗಡಿಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. 4060 ಕಾರ್ಡಿಗೆ ಬೇಕಾದದ್ದು ಕೇವಲ 115 ವ್ಯಾಟು, ಪ್ರೊಸೆಸರು ಗರಿಷ್ಠವೆಂದರೆ 88 ವ್ಯಾಟು ತೆಗೆದುಕೊಳ್ಳುತ್ತದೆ, ಉಳಿದೆಲ್ಲಕ್ಕೂ ಸೇರಿ ಒಂದು ಐವತ್ತು ಎಂದರೂ 250ರ ಆಸುಪಾಸಿಗೆ ನಿಲ್ಲುತ್ತದೆ. ಆ ಲೆಕ್ಕದಲ್ಲಿ ಅಂಗಡಿಯವರು ಹೇಳಿದ 450 ವ್ಯಾಟು ತಪ್ಪೇನಲ್ಲ. ಆದರೆ ಮುಂದೆ ಹಾಕಬಹುದಾದ ದೊಡ್ಡ ಕಾರ್ಡುಗಳು ಸರಾಸರಿಯಲ್ಲಿ ಎಳೆಯುವ ವಿದ್ಯುತ್ತು ಬೇರೆ, ಕ್ಷಣಾರ್ಧದಲ್ಲಿ ಚಿಮ್ಮಿ ಎಳೆಯುವುದು ಬೇರೆ. ಈ ಚಿಮ್ಮುವಿಕೆಯನ್ನು ತಾಳಿಕೊಳ್ಳಲೆಂದೇ 2022ರಲ್ಲಿ ಎಟಿಎಕ್ಸ್ 3.0 ಎಂಬ ಮಾನದಂಡ ಬಂದಿತು, ಹಾಗಾಗಿ ಆ ಹೆಸರನ್ನು ಪೆಟ್ಟಿಗೆಯ ಮೇಲೆ ನೋಡಿಯೇ ತೆಗೆದುಕೊಂಡೆವು. ಗೋಲ್ಡ್ ಎಂಬ ಮುದ್ರೆ ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಒಳಗಿನ ರಕ್ಷಣಾ ವ್ಯವಸ್ಥೆ ಚೆನ್ನಾಗಿದೆಯೇ ಎಂಬುದನ್ನು ಹೇಳುವುದಿಲ್ಲ. ಅಂಗಡಿಗಳಲ್ಲಿ ಮಾತ್ರ ಅದನ್ನೇ ಚಿನ್ನದ ಹಾಲ್‌ಮಾರ್ಕಿನಂತೆ ತೋರಿಸುತ್ತಾರೆ. ಹೆಚ್ಚಿಗೆ ತೆತ್ತದ್ದು ನಾಲ್ಕು ಸಾವಿರದಷ್ಟು. ಇಡೀ ಖರೀದಿಯಲ್ಲಿ ಇಷ್ಟು ಸಾರ್ಥಕವಾದ ನಾಲ್ಕು ಸಾವಿರ ಇನ್ನೊಂದಿಲ್ಲ.

ಮದರ್‌ಬೋರ್ಡಿನ ಆಯ್ಕೆಯಲ್ಲಿ ಪ್ರೊಸೆಸರು ಕೂರುವ ಸಾಕೆಟ್ಟಿನ ಆಯುಷ್ಯವನ್ನು ನೋಡಿದೆವು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟು ಆಗಲೇ ತನ್ನ ಕೊನೆಯ ಪೀಳಿಗೆಯಾದ ಹದಿನಾಲ್ಕನೆಯದನ್ನು ತಲುಪಿತ್ತು. ನಾವು ಆರಿಸಿದ ಎಎಂಡಿಯ ಎಎಂ5 ಸಾಕೆಟ್ಟು ಬಂದದ್ದು 2022ರ ಸೆಪ್ಟೆಂಬರಿನಲ್ಲಿ, ಹಾಗಾಗಿ ಅದರ ಮುಂದೆ ಇನ್ನೂ ದಾರಿಯಿತ್ತು. ಮುಂದೆ 2024ರ ನವೆಂಬರಿನಲ್ಲಿ ಬಿಡುಗಡೆಯಾದ 9800ಎಕ್ಸ್3ಡಿ ಪ್ರೊಸೆಸರು ಸಹ, ಬೋರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಮಾಡಿದರೆ ಇದೇ ಬೋರ್ಡಿನಲ್ಲಿ ಕೂರುತ್ತದೆ ಎಂಬುದನ್ನು ನೋಡಿದಾಗ ಸಮಾಧಾನವಾಯಿತು, ಕೊಳ್ಳುವ ಯೋಚನೆ ಸದ್ಯಕ್ಕಿಲ್ಲದಿದ್ದರೂ. ಇನ್ನೊಂದು ಅನುಕೂಲವೆಂದರೆ 7600ರ ಒಳಗೇ ಪುಟ್ಟ ಗ್ರಾಫಿಕ್ಸ್ ಘಟಕವಿದೆ. ಹಳೆಯ ಕಾರ್ಡನ್ನು ಮಾರಿ ಹೊಸದು ಕೈಸೇರುವವರೆಗಿನ ಹನ್ನೊಂದು ದಿನ ಮಾನಿಟರಿನ ಕೇಬಲನ್ನು ಬೋರ್ಡಿಗೇ ಸಿಕ್ಕಿಸಿ ಮಗ ತನ್ನ ಕಾಲೇಜಿನ ಕೆಲಸವನ್ನೆಲ್ಲ ಮಾಡಿಕೊಂಡ.

ಜೋಡಣೆಯ ದಿನ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಎಲ್ಲ ಸಿಕ್ಕಿಸಿ ಸ್ವಿಚ್ ಒತ್ತಿದರೆ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಒಂದು ನಿಮಿಷ, ಎರಡು ನಿಮಿಷ. ಬೋರ್ಡಿನ ಮೂಲೆಯಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡೇ ಇತ್ತು. ಅಂಗಡಿಯ ಹುಡುಗ ರ್‍ಯಾಮ್ ಕೆಟ್ಟಿರಬೇಕೆಂದು ಕಡ್ಡಿಯನ್ನು ಕೀಳಲು ಕೈಹಾಕಿಯೇ ಬಿಟ್ಟಿದ್ದ. ಎಎಂ5 ಬೋರ್ಡುಗಳು ಮೊದಲ ಬಾರಿ ಮೆಮೊರಿಯನ್ನು ಹದಕ್ಕೆ ತಂದುಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ ಎಂದು ಓದಿದ್ದ ನನ್ನ ಮಗ "ಅಣ್ಣ, ಸ್ವಲ್ಪ ತಡೀರಿ" ಎಂದು ಅವನನ್ನು ನಿಲ್ಲಿಸಿದ. ಕಾಫಿ ಮುಗಿಯುವ ಹೊತ್ತಿಗೆ ಪರದೆ ಬೆಳಗಿತು. ರ್‍ಯಾಮಿನ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ: ಒಂದು ಕಡ್ಡಿ ಈಗ, ಇನ್ನೊಂದು ಆಮೇಲೆ ಎನ್ನುವ ಉಳಿತಾಯ ಬೇಡ, ಬೇಕಾದಷ್ಟನ್ನು ಮೊದಲೇ ಎರಡು ಕಡ್ಡಿಗಳಲ್ಲಿ ಹಾಕಿಸಿ; ಆಮೇಲೆ ಸೇರಿಸುತ್ತಾ ಹೋಗಿ ನಾಲ್ಕು ಕಡ್ಡಿ ತುಂಬಿದರೆ ಈ ಬೋರ್ಡುಗಳಲ್ಲಿ ವೇಗ ಇಳಿಯುತ್ತದೆ. 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ಗಗನಕ್ಕೇರಿದಾಗ, ಮೊದಲೇ 32 ಜಿಬಿ ಹಾಕಿಸಿದ್ದಕ್ಕೆ ನಾನು ಹಿಗ್ಗಿದ್ದುಂಟು.

ಕಾರ್ಡನ್ನು ಬದಲಿಸುವ ಅಗತ್ಯ ಬಂದದ್ದು ಮಾನಿಟರಿನಿಂದ. 27 ಇಂಚಿನ 1440ಪಿ (2560×1440 ಚುಕ್ಕಿಗಳ) ಮಾನಿಟರನ್ನು ತಂದ ಮೇಲೆ, ಚಿತ್ರಿಸಬೇಕಾದ ಚುಕ್ಕಿಗಳ ಸಂಖ್ಯೆ ಪ್ರತಿ ಚೌಕಟ್ಟಿಗೆ ಸುಮಾರು 20.7 ಲಕ್ಷದಿಂದ 36.9 ಲಕ್ಷಕ್ಕೆ ಏರಿತು. ಹೊಸ ಆಟಗಳಲ್ಲಿ ವಸ್ತುಗಳ ಮೇಲ್ಮೈಯ ಚಿತ್ರಗಳ, ಅಂದರೆ ಟೆಕ್ಸ್‌ಚರ್ ಗುಣಮಟ್ಟವನ್ನು ಮೇಲಕ್ಕೆ ಏರಿಸಿದ ಕೂಡಲೇ ಕಾರ್ಡಿನ 8 ಜಿಬಿ ಮೆಮೊರಿ ತುಂಬಿ, ಓಡುತ್ತಿದ್ದ ದೃಶ್ಯ ಮುಗ್ಗರಿಸಿದಂತೆ ನಿಂತು ನಿಂತು ಸಾಗುತ್ತಿತ್ತು. ಆರಿಸಿದ್ದು ಎಎಂಡಿಯ ಆರ್‌ಎಕ್ಸ್ 9070: 16 ಜಿಬಿ ಮೆಮೊರಿ, 220 ವ್ಯಾಟು. ಅದು, ಕಾರ್ಡನ್ನು ಬೋರ್ಡಿಗೆ ಬೆಸೆಯುವ ಸಂಪರ್ಕವಾದ ಪಿಸಿಐ ಎಕ್ಸ್‌ಪ್ರೆಸ್ 5.0ರ ಕಾರ್ಡಾದರೂ ನಮ್ಮ ಬೋರ್ಡಿನ 4.0 ಸ್ಲಾಟಿನಲ್ಲಿ ಹದಿನಾರೂ ಲೇನುಗಳು (ದತ್ತಾಂಶ ಸಾಗುವ ಹಾದಿಗಳು) ಸಿಗುವುದರಿಂದ ಆಟದಲ್ಲಿ ವ್ಯತ್ಯಾಸ ತೋರಲಿಲ್ಲ.

ಈ ಕಾರ್ಡಿಗೆ ಎಂಟು ಪಿನ್ನಿನ ಎರಡು ಕೇಬಲ್‌ಗಳು ಬೇಕಿದ್ದವು, ಹಳೆಯದಕ್ಕೆ ಒಂದೇ ಸಾಕಾಗಿತ್ತು. ಎರಡನೆಯ ಕೇಬಲ್ ಪವರ್ ಸಪ್ಲೈ ಜೊತೆ ಬಂದ ಚೀಲದಲ್ಲಿತ್ತು, ಆ ಚೀಲ ಎಲ್ಲಿತ್ತೋ ಯಾರಿಗೂ ನೆನಪಿಲ್ಲ. ಬೇರೆ ಪವರ್ ಸಪ್ಲೈನ ಕೇಬಲ್ ಸಿಕ್ಕಿಸಿದರೆ ಪಿನ್ನುಗಳ ಕ್ರಮ ಬೇರೆಯಾಗಿದ್ದು ಕಾರ್ಡೇ ಸುಟ್ಟುಹೋಗಬಹುದಾದ್ದರಿಂದ ಅಂಗಡಿಯಿಂದ ಒಂದು ಕೇಳಿ ತರುವಂತೆಯೂ ಇರಲಿಲ್ಲ. ಮನೆಯೆಲ್ಲ ಜಾಲಾಡಿದ ಮೇಲೆ ಅದು ಸಿಕ್ಕಿದ್ದು ಅಟ್ಟದಲ್ಲಿ, ದಸರಾ ಗೊಂಬೆಗಳ ಪೆಟ್ಟಿಗೆಯೊಳಗೆ. ಪಟ್ಟದ ಗೊಂಬೆಗೆ ಪೆಟ್ಟಾಗದಿರಲೆಂದು ನನ್ನಾಕೆ ಅದನ್ನು ಮೆತ್ತೆಯಂತೆ ಸುತ್ತಿಟ್ಟಿದ್ದಳು.

ಎಡವಿದ್ದು ಕ್ಯಾಬಿನೆಟ್ಟಿನಲ್ಲಿ. ಅದರ ವಿವರಣೆಯಲ್ಲಿ 33 ಸೆಂಟಿಮೀಟರ್ ಉದ್ದದ ಕಾರ್ಡು ಹಿಡಿಯುತ್ತದೆ ಎಂದಿತ್ತು, ನಮ್ಮ ಹೊಸ ಕಾರ್ಡಿನ ಉದ್ದ 31. ಆದರೆ ಆ 33 ಎಂಬುದು ಮುಂಭಾಗದಲ್ಲಿ ಫ್ಯಾನುಗಳಿಲ್ಲದಾಗಿನ ಅಳತೆ. ಫ್ಯಾನಿನ ದಪ್ಪ ಎರಡೂವರೆ ಸೆಂಟಿಮೀಟರನ್ನು ಕಳೆದರೆ ಉಳಿಯುವುದು 30.5. ಅರ್ಧ ಸೆಂಟಿಮೀಟರಿಗೆ ಕಾರ್ಡು ಕೂರಲಿಲ್ಲ. ನಡುವಿನ ಫ್ಯಾನನ್ನು ಬಿಚ್ಚಿ ಮೇಲ್ಛಾವಣಿಗೆ ಸಾಗಿಸಿ, ಆ ಕಿಂಡಿಯೊಳಕ್ಕೆ ಕಾರ್ಡಿನ ಮೂತಿಯನ್ನು ತೂರಿಸಿ ಕೂರಿಸಿದ್ದಾಯಿತು. ಅದರ ದಪ್ಪದಿಂದಾಗಿ ಕೆಳಗಿನ ಎರಡು ಸಾಟಾ ಪೋರ್ಟುಗಳೂ ಮುಚ್ಚಿಹೋದವು, ಹಳೆಯ ಹಾರ್ಡ್ ಡಿಸ್ಕನ್ನು ಹೊರಗಿಡಬೇಕಾಯಿತು. ಕ್ಯಾಬಿನೆಟ್ ಕೊಳ್ಳುವಾಗ ಗಾಜಿನ ಬಾಗಿಲನ್ನೂ ಬಣ್ಣದ ದೀಪವನ್ನೂ ನೋಡಿದ ನಾವು ಟೇಪ್ ಹಿಡಿದು ಅಳೆದಿದ್ದರೆ ಈ ಪಾಡು ಬರುತ್ತಿರಲಿಲ್ಲ. ಎಲ್ಲ ಭಾಗಗಳಿಗೂ ಒಳ್ಳೆಯ ಅಂಕ ಕೊಡುವ ನಾನು ಇದಕ್ಕೆ ಐದರಲ್ಲಿ ಎರಡು ಕೊಡುತ್ತೇನೆ, ಅದೂ ಗಾಳಿಯಾಟ ಚೆನ್ನಾಗಿರುವುದಕ್ಕೆ.

ಅಂಗಡಿಯವರ ಸೇವೆ ಮೆಚ್ಚುವಂತಿತ್ತು. ಪಟ್ಟಿ ಬದಲಿಸಿದ್ದಕ್ಕೆ ಮುಖ ಕೆಡಿಸಿಕೊಳ್ಳಲಿಲ್ಲ, ಪ್ರತಿ ಭಾಗದ ಸೀರಿಯಲ್ ನಂಬರನ್ನೂ ಜಿಎಸ್‌ಟಿ ಬಿಲ್ಲಿನಲ್ಲಿ ಬರೆದುಕೊಟ್ಟರು. 4060 ಮಾರುವಾಗ ಆ ಬಿಲ್ಲೂ ಉಳಿದಿದ್ದ ವಾರಂಟಿಯೂ ಬೆಲೆಯನ್ನು ಹಿಡಿದು ನಿಲ್ಲಿಸಿದವು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಸಾಲಿರುವ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿದ್ದರೆ ಒಂದೆರಡು ಸಾವಿರ ಕಡಿಮೆಯಾಗುತ್ತಿತ್ತೇನೋ. ಆದರೆ ಬಯೋಸ್ ಅಪ್‌ಡೇಟಿಗೆಂದು ಎರಡು ಸಲ ಪೆಟ್ಟಿಗೆ ಹೊತ್ತು ಹೋದಾಗ, ನಮ್ಮ ಮನೆಯಿರುವ ಸರಸ್ವತಿಪುರದಿಂದ ಆಟೋದಲ್ಲಿ ಹೋಗಿಬರುವ ದೂರದಲ್ಲಿ ಅಂಗಡಿ ಇದ್ದದ್ದೇ ಲಾಭವೆನಿಸಿತು.

ಹೊಸ ಕಾರ್ಡು ಕೂತ ರಾತ್ರಿಯೇ ಇನ್ನೊಂದು ಲೆಕ್ಕ ಬಾಕಿ ಉಳಿದಿರುವುದು ಗೊತ್ತಾಯಿತು. ಆಟ ಶುರುವಾದ ಐದು ನಿಮಿಷಕ್ಕೆ ಮೇಜಿನ ಕೆಳಗಿಂದ ಯುಪಿಎಸ್ ಎಡೆಬಿಡದೆ ಕಿರುಚತೊಡಗಿತು. ಅದು 600 ವಿಎ, ಅಂದರೆ ನಿಜದಲ್ಲಿ 360 ವ್ಯಾಟಿನದು; ಹಳೆಯ ಕಾರ್ಡಿನ ಕಾಲಕ್ಕೆ ಸರಿಹೋಗಿತ್ತು, ಈಗ ಮಾನಿಟರೂ ಸೇರಿ 400 ವ್ಯಾಟನ್ನು ದಾಟುತ್ತಿದ್ದ ಹೊರೆಯನ್ನು ಅದು ಹೇಗೆ ತಡೆದೀತು? ಪೆಟ್ಟಿಗೆಯೊಳಗಿನ ಪ್ರತಿ ವ್ಯಾಟನ್ನೂ ಎರಡು ವರ್ಷ ಮುಂಚೆಯೇ ಎಣಿಸಿದ್ದ ನಾನು ಪೆಟ್ಟಿಗೆಯ ಹೊರಗಿನ ಇದನ್ನು ಮರೆತೇಬಿಟ್ಟಿದ್ದೆ. ಮರುದಿನ ಅದೇ ಅಂಗಡಿಯಿಂದ 1100 ವಿಎ, 660 ವ್ಯಾಟಿನ ಯುಪಿಎಸ್ ತಂದೆವು. ಹಳೆಯದು ಈಗ ಹಜಾರದಲ್ಲಿ ವೈಫೈ ರೌಟರನ್ನು ನೋಡಿಕೊಂಡಿದೆ.